ಅಂಗೈಯ ಅಕ್ಕಿಕಾಳು

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯ ಬಾಗಿಲಿಗೆ ಒದ್ದೆ ಬಟ್ಟೆ ಬೀಳುವುದು ನಿಂತುಹೋಯಿತು. ನಮ್ಮೂರಿನಲ್ಲಿ ಒಲೆಯ ಮೇಲೆ ಎಸರಿಟ್ಟವರು ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಬಾಗಿಲಿನ ಚಿಲಕಕ್ಕೆ ಸಿಕ್ಕಿಸುತ್ತಾರೆ. ಅದನ್ನು ಕಂಡವರು ಚಪ್ಪಲಿ ಕೈಗೆ ತೆಗೆದುಕೊಂಡು ದಾಟುತ್ತಾರೆ. ಅಂಚೆಯವನು ಸೈಕಲ್ಲಿನ ಬೆಲ್ಲನ್ನು ಅಂಗೈಯಿಂದ ಮುಚ್ಚಿ ಹಿಡಿಯುತ್ತಾನೆ. ಜಗಳವಾಡುತ್ತಾ ಬಂದ ಹೆಂಗಸರು ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಬಟ್ಟೆ ಇಲ್ಲದ ಮನೆಯ ಮುಂದೆ ಹೋಗಿ ಉಳಿದರ್ಧ ಮುಗಿಸುತ್ತಾರೆ. ಒಳಗೆ ಯಾರೋ ಅಕ್ಕಿಯ ಜೊತೆ ಕೂತಿದ್ದಾರೆ ಎಂದು ಅದರ ಅರ್ಥ. ಮನಸ್ಸು ಜೊತೆಯಲ್ಲಿ ಇಲ್ಲದಿದ್ದರೆ ನಮ್ಮೂರಿನಲ್ಲಿ ಏನೂ ಬೇಯುವುದಿಲ್ಲ. ಸೌದೆ ಉರಿಯುತ್ತದೆ, ಹೊಗೆ ಏಳುತ್ತದೆ, ತಪ್ಪಲೆಯ ತಳ ಕಪ್ಪಾಗುತ್ತದೆ. ನೀರು ಮಾತ್ರ ಬಾವಿಯಲ್ಲಿದ್ದಷ್ಟೇ ತಣ್ಣಗಿರುತ್ತದೆ.

ಬೇಯುವಾಗಲೋ ಬಸಿಯುವಾಗಲೋ ಮನಸ್ಸು ಒಂದು ಗಳಿಗೆ ಹೊರಗೆ ಹೋಗಿ ಬಂದರೆ ಅನ್ನದಲ್ಲಿ ಎಲ್ಲೋ ಒಂದು ಕಾಳು ಹಸಿಯಾಗಿ ಉಳಿಯುತ್ತದೆ. ಹಲ್ಲಿಗೆ ಸಿಕ್ಕವರು ಅದನ್ನು ಉಗಿಯುವಂತಿಲ್ಲ. ತೊಳೆದು, ಅಡುಗೆ ಮಾಡಿದವರ ಅಂಗೈಯಲ್ಲಿಟ್ಟು, "ಎಲ್ಲಿಗೆ ಹೋಗಿದ್ದೆ?" ಎಂದು ಕೇಳಬೇಕು. ಹೋದ ಜಾಗವನ್ನು ಅವರು ಇದ್ದದ್ದು ಇದ್ದ ಹಾಗೆ ಹೇಳಿದರೆ ಕಾಳು ಅಂಗೈಯಲ್ಲೇ ಅರಳಿ ಅಗುಳಾಗುತ್ತದೆ. ಮುಚ್ಚಿಟ್ಟರೆ ಕಲ್ಲಿನ ಹಾಗೆ ಕೂತಿರುತ್ತದೆ. ಹೊಸದಾಗಿ ಮದುವೆಯಾದ ಎಷ್ಟೋ ಮನೆಗಳಲ್ಲಿ ಈ ಕಾಳಿನಿಂದ ರಂಪವಾಗುತ್ತದೆ. ಎಷ್ಟೋ ಮನೆಗಳಲ್ಲಿ ಗಂಡಹೆಂಡಿರು ಮೊದಲ ಸಲ ನಿಜವಾಗಿ ಮಾತಾಡುವುದೂ ಇದರ ದೆಸೆಯಿಂದಲೇ. ಖಾನಾವಳಿಯ ಅಡುಗೆಯವನು ಒಂದು ಬೇಸಿಗೆ ಯಾರನ್ನೋ ಪ್ರೀತಿಸಿದಾಗ ಅಲ್ಲಿ ಉಣ್ಣುವವರೆಲ್ಲ ಅವಲಕ್ಕಿ ನೆನೆಸಿ ತಿಂದಿದ್ದರು. "ಅವರ ಮನೇಲಿ ಅವಲಕ್ಕಿಯಂತೆ" ಎಂದರೆ ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು.

ನಮ್ಮ ಅವ್ವ ಪಾಲಮ್ಮನ ಅನ್ನದಲ್ಲಿ ಹಸಿ ಕಾಳು ಸಿಕ್ಕಿತೆಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ಮದುವೆಮನೆಗಳವರು ದೊಡ್ಡ ಹಂಡೆಗೆ ಅವಳನ್ನೇ ಕರೆಯುತ್ತಿದ್ದರು. ಅವಳು ಒಲೆಯ ಮುಂದೆ ಕೂತರೆ ಬೆಕ್ಕು ಬಿಲದ ಮುಂದೆ ಕೂತ ಹಾಗಲ್ಲ, ಕೂಸಿನ ತೊಟ್ಟಿಲ ಪಕ್ಕ ತಾಯಿ ಕೂತ ಹಾಗೆ ಇರುತ್ತಿತ್ತು. ಬೇಸಿಗೆಯ ನಡುವೆ ಒಂದು ದಿನ, ಅನ್ನ ಬಸಿದು ತಪ್ಪಲೆಯನ್ನು ಇಳಿಸಿಟ್ಟು, ಗೋಡೆಗೆ ಒರಗಿದವಳು ಹಾಗೆಯೇ ಹೋದಳು. ಅವತ್ತಿನ ಅನ್ನವೂ ಹದವಾಗಿ ಬೆಂದಿತ್ತು.

ಸತ್ತವರ ಕೈಯ ಅನ್ನವನ್ನು ಎಲ್ಲರಿಗಿಂತ ಹೆಚ್ಚು ಕಾಲ ಉಂಡವರು ಅವರದೇ ಒಲೆಯ ಮೇಲೆ ಋಣದ ಅನ್ನ ಮಾಡಿ ಬೀದಿಗೆ ಬಡಿಸಬೇಕು. ಅಲ್ಲಿಯವರೆಗೆ ಮನೆಗೆ ಸೂತಕ. ಸತ್ತವರ ಹೆಸರನ್ನೂ ಎತ್ತಬಾರದು. ಹೆಸರೆತ್ತಿದರೆ ಮನಸ್ಸು ಹೆಸರಿನ ಹಿಂದೆ ಹೊರಟುಹೋಗುತ್ತದೆ ಎನ್ನುತ್ತಾರೆ. ಮುಂಗಾರಿನ ಮೊದಲ ಗುಡುಗಿನೊಳಗೆ ಋಣದ ಅನ್ನ ಆಗದಿದ್ದರೆ ಆ ಒಲೆಯನ್ನು ಒಡೆಯುತ್ತಾರೆ. ಒಲೆ ಒಡೆದ ಮನೆಯವರು ಬದುಕಿರುವಷ್ಟು ಕಾಲ ಊರ ಛತ್ರದ ಪಂಕ್ತಿಯಲ್ಲಿ ಉಣ್ಣಬೇಕು. ಅಲ್ಲಿ ಯಾರೂ ಯಾರಿಗೂ ಕಾಳು ಹಿಂದಿರುಗಿಸುವುದಿಲ್ಲ. ಸಿಕ್ಕಿದ್ದನ್ನು ನುಂಗಿ, ಕೈ ತೊಳೆದು, ಎದ್ದು ಹೋಗುತ್ತಾರೆ.

ಅವ್ವನ ಕೈಯ ಅನ್ನವನ್ನು ಹೆಚ್ಚು ಉಂಡವನು ಅಪ್ಪ. ಅಲ್ಲಿಗೆ ನಮ್ಮ ಮನೆಯ ಕಥೆ ಮುಗಿಯಿತೆಂದು ಬೀದಿಯವರು ಒಳಗೊಳಗೇ ಅಂದುಕೊಂಡರು. ಯಾಕೆಂದರೆ ಅಪ್ಪ, ಓಬಳಯ್ಯ, ಬಸ್ ಸ್ಟ್ಯಾಂಡಿನಲ್ಲಿ ಕೂಗುವವನು. ಹೊಂಗೆ ಮರದ ಕೆಳಗೆ ನಿಂತು, "ಗಾಳಿಕೆರೆ, ಗಾಳಿಕೆರೆ, ಗಾಳಿಕೆರೇ! ಮೂರುಹಾದಿ, ಉಪ್ಪುಗುಡ್ಡ, ಹೊಳೆಯಾಚೆ! ಹತ್ರಿ ಹತ್ರಿ, ಸೀಟೈತೆ!" ಎಂದು ಕೂಗಿ ಬಸ್ಸು ತುಂಬಿಸಿ, ತಗಡಿನ ಮೈಗೆ ಎರಡು ಏಟು ಹೊಡೆದು "ರೈಟ್!" ಎನ್ನುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಆ ಬಾಯಿಗೆ ಬೀಗವಿರಲಿಲ್ಲ. ಅವ್ವ ಎಸರಿಟ್ಟಾಗ ಮಾತ್ರ ಅವನನ್ನು ಹಿತ್ತಲಾಚೆಗೆ ಅಟ್ಟುತ್ತಿದ್ದಳು. ಊರೂರಿನ ಹೆಸರು ಕೂಗಿದ ಮನುಷ್ಯ ತಾನು ಒಂದು ದಿನವೂ ಬಸ್ಸು ಹತ್ತಿದವನಲ್ಲ.

ನಾನು ಅವನ ಮಗಳೆಂದರೆ ಹೊಸಬರು ನಂಬುತ್ತಿರಲಿಲ್ಲ. ಹೊರಗಿನ ದೊಡ್ಡ ಊರಿನ ಹಾಸ್ಟೆಲ್ಲಿನಲ್ಲಿದ್ದು ತತ್ತ್ವಶಾಸ್ತ್ರ ಓದಿ ಬಂದವಳು ನಾನು. ಅಲ್ಲಿ ಅನ್ನ ಯಾರ ಮನಸ್ಸಿನ ಹಂಗೂ ಇಲ್ಲದೆ, ರೇಡಿಯೋ ಹಾಡುತ್ತಿರುವಾಗಲೇ ಬೇಯುತ್ತಿತ್ತು. ಅಲ್ಲಿಂದ ಬಂದ ಮೇಲೆ ಬಾವಿಕಟ್ಟೆಯ ಮೇಲೆ ಗಂಟೆಗಟ್ಟಲೆ ಸುಮ್ಮನೆ ಕೂರುವುದು ನನಗೆ ಅಭ್ಯಾಸವಾಗಿತ್ತು. "ನನ್ನ ಮಗಳು ಆ ಬಾವಿ ಹಂಗೇ ಕಣ್ರಪ್ಪಾ, ಕಲ್ಲು ಹಾಕಿದ್ರೂ ಸದ್ದು ಬರೋಕೆ ಹೊತ್ತಾಗುತ್ತೆ" ಎಂದು ಅಪ್ಪ ನಗುತ್ತಿದ್ದ. ಅಷ್ಟು ಸುಮ್ಮನಿರಬಲ್ಲ ನನಗೂ ಅನ್ನ ಮಾಡಲು ಬರುತ್ತಿರಲಿಲ್ಲ. ನನ್ನ ಅನ್ನದಲ್ಲಿ ಅರ್ಧಕ್ಕರ್ಧ ಹಸಿ. ಹೊರಗೆ ಮೌನ, ಒಳಗೆ ಸಂತೆ. ಅಷ್ಟೊಂದು ಕಾಳುಗಳನ್ನು ಅಂಗೈಯಲ್ಲಿಟ್ಟು ಪ್ರಶ್ನೆ ಕೇಳುವ ತಾಳ್ಮೆ ಯಾರಿಗಿದೆ? ಅವ್ವ ನಕ್ಕು ತಪ್ಪಲೆಯನ್ನು ದನಕ್ಕೆ ಸುರಿಯುತ್ತಿದ್ದಳು.

ಒಲೆ ಕಟ್ಟುವುದೂ ಒಡೆಯುವುದೂ ನಮ್ಮ ಬೀದಿಯ ಬೋರಕ್ಕನ ಪಾಲಿನ ಕೆಲಸ. ಮದುವೆಯಾಗಿ ಬಂದ ಅವ್ವನ ಜೊತೆ ಕೆಮ್ಮಣ್ಣು ತುಳಿದು ನಮ್ಮ ಮನೆಯ ಒಲೆಯನ್ನು ಕಟ್ಟಿದವಳು ಅವಳೇ. ಒಂದು ಒಲೆಗುಂಡಿನ ಮೇಲೆ ಇಬ್ಬರ ಬೆರಳಿನ ಗುರುತುಗಳೂ ಇನ್ನೂ ಇದ್ದವು. ಅಪ್ಪ ಮೊದಲ ಸಲ ಎಸರಿಟ್ಟ ದಿನ ಅವಳು ಬಂದು ತಪ್ಪಲೆಯೊಳಗೆ ಕೈ ಅದ್ದಿ ನೋಡಿದಳು.

"ಓಬಳಯ್ಯಾ, ನಿನ್ನ ಎಸರಲ್ಲಿ ನನ್ನ ಮೊಮ್ಮಗೂಗೆ ನೀರು ಹುಯ್ಯಬೋದು ಕಣೋ. ಮೈ ಸುಡುತ್ತೆ ಅನ್ನೋ ಭಯ ಇಲ್ಲ."

"ಸೌದೆ ಹಸಿ ಇತ್ತಕ್ಕಾ."

"ಸೌದೆ ಹಸಿ ಅಲ್ಲ ಕಣೋ, ನೀನು ಹಸಿ. ಬಾಯಿ ಮುಚ್ಚಿಕೊಂಡು ಕೂತ್ಕಂಡ್ಯಾ ಇಲ್ವಾ?"

"ಮುಚ್ಚಿದ್ದೆ. ಮುಚ್ಚಿದ ತಕ್ಷಣ ಎಲ್ಲಾ ಬಸ್ಸೂ ಒಳಗೇ ಬಂದ್ಬಿಟ್ವು."

ಅವನಿಗೆ ಕಲಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಹಾಸ್ಟೆಲ್ಲಿನಲ್ಲಿದ್ದಾಗ ಒಬ್ಬ ಮೇಡಂ ಬೆಳಿಗ್ಗೆ ನಮ್ಮನ್ನು ಸಾಲಾಗಿ ಕೂರಿಸಿ ಧ್ಯಾನ ಹೇಳಿಕೊಡುತ್ತಿದ್ದರು. ನನಗೆ ಬರುತ್ತಿದ್ದದ್ದು ಅಷ್ಟೇ. ಆರಿದ ಒಲೆಯ ಮುಂದೆ ಅಪ್ಪನನ್ನು ಚಕ್ಕಳಮಕ್ಕಳ ಕೂರಿಸಿದೆ.

"ಉಸಿರನ್ನು ನೋಡಪ್ಪಾ. ಒಳಗೆ ಬರುತ್ತೆ, ಹೊರಗೆ ಹೋಗುತ್ತೆ. ಅಷ್ಟೇ."

"ಅದನ್ನೇನೇ ನೋಡೋದು? ತಾನೇ ಬರುತ್ತೆ, ತಾನೇ ಹೋಗುತ್ತೆ. ಅದೇನು ಬಸ್ಸಾ, ನಿಂತ್ಕಂಡು ನೋಡೋಕೆ?"

"ಮಾತಾಡಬೇಡ. ಬೇರೆ ಯೋಚನೆ ಬಂದ್ರೆ ಓಡಿಸು."

"ಯಾವ ಯೋಚನೆ ಅಂತ ಕೇಳ್ದೇ ಓಡಿಸ್ಲಾ?"

"ಅಪ್ಪಾ."

ಅವನು ತುಟಿ ಬಿಗಿದು ಕಣ್ಣು ಮುಚ್ಚಿದ. ಕತ್ತಿನ ನರಗಳು ಉಬ್ಬಿ ಬಂದವು. ಬಾಗಿಲು ಒದೆಯುವ ಹೋರಿಯನ್ನು ಒಳಗೆ ಕೂಡಿ ಅಗುಳಿ ಹಾಕಿಕೊಂಡವನ ಮುಖ ಅದು. ನೀರು ತಣ್ಣಗೇ ಉಳಿಯಿತು. ಮತ್ತೆ ಎಸರಿಟ್ಟೆವು, ಮತ್ತೆ ಕೂತೆವು. ಬೀದಿಯವರು ನಮಗಾಗಿ ಇನ್ನಿಲ್ಲದ ಮೌನ ಹಿಡಿದರು. ನಮ್ಮ ಬಾಗಿಲಿಗೆ ಬಟ್ಟೆ ಬಿದ್ದರೆ ಎದುರುಮನೆಯವರು ಕರುವಿನ ಕೊರಳ ಗಂಟೆಗೂ ಬಟ್ಟೆ ಸುತ್ತುತ್ತಿದ್ದರು. ಯಾರೂ ಅವ್ವನ ಹೆಸರೆತ್ತಲಿಲ್ಲ. ನಾನಂತೂ ಎತ್ತಲೇ ಇಲ್ಲ. ಮೌನವೆಂದರೆ ನನ್ನ ಪಾಲಿಗೆ ಹೇಗೂ ದೇವರಮನೆ. ನೆರೆಯವರು ಕೊಟ್ಟದ್ದನ್ನು ಉಂಡು ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದ. ಅಲ್ಲೂ ಅವನ ಕೂಗು ಸಣ್ಣಗಾಗಿದೆಯೆಂದು ಕಂಡಕ್ಟರುಗಳು ಹೇಳಿ ಕಳಿಸಿದರು. ಗಾಳಿಕೆರೆಯ ಬಸ್ಸಿಗೆ ಉಪ್ಪುಗುಡ್ಡದವರನ್ನು ಹತ್ತಿಸಿದ್ದನಂತೆ.

ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ನೆಲದಿಂದ ಮಣ್ಣಿನ ವಾಸನೆ ಎದ್ದಿತು. ಬೋರಕ್ಕ ಹಾರೆ ಹಿಡಿದು ಬಂದು ನಮ್ಮ ಜಗಲಿಯ ಮೇಲೆ ಕೂತಳು. ಅವಳು ಕುಂಕುಮ ಇಟ್ಟಿರಲಿಲ್ಲ. ಒಲೆ ಒಡೆಯುವ ದಿನ ಇಡುವುದಿಲ್ಲ.

"ಮಾದೇವಿ, ನಿಮ್ಮಪ್ಪ ಎಲ್ಲಿ?" ಎಂದಳು.

"ಎಸರಿಡ್ತಿದಾನೆ."

"ಇಡ್ಲಿ. ಗುಡುಗೋವರೆಗೂ ಹೊತ್ತೈತೆ. ನಾನೇನೂ ಒಡೀಬೇಕು ಅಂತ ಹರಕೆ ಹೊತ್ತಿಲ್ಲ. ಆ ಒಲೆ ಕಟ್ಟುವಾಗ ಪಾ..." ಬೋರಕ್ಕ ಹೆಸರು ನುಂಗಿಕೊಂಡಳು. "ಆ ಒಲೆ ಕಟ್ಟುವಾಗ ಮಣ್ಣು ಬಲು ಚೆನ್ನಾಗಿ ಬಂದಿತ್ತು."

ನಾನು ಬಟ್ಟೆ ಅದ್ದಿ ಚಿಲಕಕ್ಕೆ ಸಿಕ್ಕಿಸಿದೆ. ಬೀದಿಯ ಸದ್ದೆಲ್ಲ ಅಡಗಿತು. ಅಪ್ಪ ಒಲೆಯ ಮುಂದೆ ಕೂತಿದ್ದ. ನಾನು ಅವನ ಹಿಂದೆ ಗೋಡೆಗೆ ಒರಗಿ, ಅವ್ವ ಕಡೆಯ ದಿನ ಒರಗಿದ್ದ ಜಾಗದಿಂದ ಒಂದಿಷ್ಟು ಈಚೆಗೆ ಕೂತೆ. ಸೌದೆ ಹೊತ್ತಿಕೊಂಡಿತು. ಹೊತ್ತು ಸರಿಯಿತು. ಎಸರಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಕಿಟಕಿಯ ಬೆಳಕು ಕಂದುಬಣ್ಣಕ್ಕೆ ತಿರುಗಿತು. ಆಗ ಗಾಳಿ ತಿರುಗಿ ಒಲೆಯ ಹೊಗೆ ಅವನ ಮುಖಕ್ಕೆ ನುಗ್ಗಿತು. ಕೆಮ್ಮುತ್ತಾ, ತನಗೆ ಅರಿವಿಲ್ಲದೆ, ಬಸ್ ಸ್ಟ್ಯಾಂಡಿನ ದನಿಯಲ್ಲಿ ಅವನು ಕೂಗಿಬಿಟ್ಟ.

"ಹೊಗೆ ಬಂತು, ಹೊಗೆ, ಹೊಗೇ!"

ನಾನು ಬೆಚ್ಚಿ, ತಡೆಯಲು ಕೈ ಎತ್ತಿದೆ. ಎಸರಿಟ್ಟ ಮನೆಯಲ್ಲಿ ಅಂಥ ಕೂಗನ್ನು ನಮ್ಮೂರಿನಲ್ಲಿ ಯಾರೂ ಕೇಳಿದ್ದಿಲ್ಲ. ಹೊಗೆ ಸರಿಯಿತು. ಅಪ್ಪ ಅಭ್ಯಾಸಬಲದಿಂದ ನೆಲಕ್ಕೆ ಎರಡು ಏಟು ಹೊಡೆದು, "ರೈಟ್!" ಎಂದ. ಎಸರಿನ ತಳದಿಂದ ಒಂದು ಗುಳ್ಳೆ ಎದ್ದು ಬಂದು ಮೇಲೆ ಒಡೆಯಿತು.

ಅಪ್ಪ ಅದನ್ನು ನೋಡಿದ. ನನ್ನತ್ತ ತಿರುಗಿ ನೋಡಿದ. ನನ್ನ ಕೈ ಎತ್ತಿದ್ದಲ್ಲೇ ಇತ್ತು.

"ಮಂಡಿನೋವು ಬಂತು, ಮಂಡಿನೋವು, ಮಂಡಿನೋವು!" ಎಂದು ಮೆಲ್ಲಗೆ ಶುರು ಮಾಡಿದ. "ಹತ್ತೋರು ಹತ್ರಿ, ನಾನು ಬರಲ್ಲ. ರೈಟ್!" ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. "ಬೋರಕ್ಕನ ಹಾರೆ ಬಂತು, ಹಾರೆ, ಹಾರೇ! ಭಯ ಆಗುತ್ತಪ್ಪಾ, ಭಯ ಐತೆ. ಹೋಗ್ಲಿ, ರೈಟ್! ಎಸರು, ಎಸರು. ಉರಿ ಸಣ್ಣಕಾಯ್ತು, ಸೌದೆ ಮುಂದಕ್ಕೆ." ಅವನ ಕೈ ತಾನಾಗಿ ಸೌದೆಯನ್ನು ಒಳಗೆ ತಳ್ಳಿತು. "ಛತ್ರ ಬಂತು, ಛತ್ರದ ಪಂಕ್ತಿ! ಖಾಲಿ ಬಸ್ಸು, ಯಾರೂ ಇಲ್ಲ. ರೈಟ್!"

ಬಂದದ್ದನ್ನು ಅವನು ಓಡಿಸಲಿಲ್ಲ. ಹೆಸರು ಹಿಡಿದು ಕರೆದ, ನಿಲ್ಲಿಸಿದ, ಮುಖ ನೋಡಿದ, ಕಳಿಸಿದ. ತಾನು ಮಾತ್ರ ನೆಲ ಬಿಟ್ಟು ಏಳಲಿಲ್ಲ. ಬದುಕಿನುದ್ದಕ್ಕೂ ಅವನು ಮಾಡಿದ್ದು ಅದನ್ನೇ. ಹೊಂಗೆ ಮರದ ಕೆಳಗೆ ನಿಂತವನು ಎಂದೂ ಬಸ್ಸು ಹತ್ತಿರಲಿಲ್ಲ. ಎಸರು ಹಾಡತೊಡಗಿತು. ಅವ್ವ ಸತ್ತ ಮೇಲೆ ಆ ಹಾಡು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಅಪ್ಪ ತೊಳೆದಿಟ್ಟ ಅಕ್ಕಿಯನ್ನು ಸುರಿದ. ಅಕ್ಕಿ ತಳಕ್ಕಿಳಿದು, ಮೇಲೆದ್ದು, ಹೊರಳತೊಡಗಿತು. ಕಿಟಕಿಯಾಚೆ ನೆರಳುಗಳು ಸೇರಿದ್ದವು. ಬೀದಿಯವರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ತಾವು ಹುಟ್ಟಿದಂದಿನಿಂದ ಕಾಪಾಡಿಕೊಂಡು ಬಂದ ಮೌನದ ಮೇಲೆ ಈ ಮನುಷ್ಯ ಕೂಗುವುದನ್ನು ಕೇಳುತ್ತಿದ್ದರು.

ಆಮೇಲೆ ಅವನ ದನಿ ತಗ್ಗಿತು.

"ಪಾಲಿ ಬಂದ್ಲು" ಎಂದ.

ಹೊರಗೆ ಬೋರಕ್ಕನ ಹಾರೆ ಕಲ್ಲಿಗೆ ತಾಕಿದ ಸದ್ದಾಯಿತು. ಹೆಸರು ಬಿದ್ದಿತ್ತು. ಇನ್ನು ಎಸರು ಆರಿಹೋಗುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

"ಬಾರೇ. ನಿಂಗೆ ರೈಟ್ ಅನ್ನಲ್ಲ ಕಣೇ. ಇಲ್ಲೇ ಕೂತ್ಕ, ಪಕ್ಕದಲ್ಲಿ. ನಾನು ನಿನ್ನ ಜೊತೆ ಬರೋಕಾಗಲ್ಲ, ಅನ್ನ ನೋಡ್ಬೇಕು. ನೋಡು, ನೊರೆ ಬಂತು. ನೊರೆ, ನೊರೇ. ಸೌಟು ಎಲ್ಲಿಟ್ಟಿದ್ಯೇ? ಇಲ್ಲೈತೆ, ಸಿಕ್ತು."

ಕಣ್ಣು ತೆರೆದೆ. ಆವಿ ಮಾಡಿನ ಹೆಂಚಿಗೆ ಮುಟ್ಟಿತ್ತು. ಅಪ್ಪನ ಕೆನ್ನೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕಣ್ಣು ಮಾತ್ರ ತಪ್ಪಲೆಯನ್ನು ಬಿಟ್ಟು ಕದಲಲಿಲ್ಲ. "ಅಳು ಬಂತು, ಅಳು, ಅಳು" ಎಂದ ಅದೇ ದನಿಯಲ್ಲಿ. ಅನ್ನ ಬೆಂದಿತು. ನಾನು ಬದುಕಿನಲ್ಲಿ ಕೂತ ಎಲ್ಲ ಮೌನಗಳಿಗಿಂತ ಆ ಕೂಗಿನ ಒಳಗೆ ಹೆಚ್ಚು ನಿಶ್ಶಬ್ದವಿತ್ತು. ಅದನ್ನು ಹೇಗೆ ಹೇಳಬೇಕೋ ಇವತ್ತಿಗೂ ನನಗೆ ತಿಳಿಯದು.

ಬೀದಿಯವರು ನಡುಮನೆಯಲ್ಲಿ ಸಾಲಾಗಿ ಕೂತರು. ಅಪ್ಪನೇ ಬಡಿಸಿದ. ಬೋರಕ್ಕ ಹಾರೆಯನ್ನು ಗೋಡೆಗೆ ಒರಗಿಸಿ, ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು.

"ಬೆಂದೈತೆ" ಎಂದಳು. ಮತ್ತೆ, "ಮೂರು ಬೀದಿಗೆ ಕೇಳೋ ಹಂಗೆ ಬೆಂದೈತೆ ಕಣೋ, ಹಾಳಾದೋನೇ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಎಲ್ಲರೂ ನಕ್ಕರು. ಅವ್ವ ಹೋದ ಮೇಲೆ ಆ ಮನೆಯಲ್ಲಿ ಅದು ಮೊದಲ ನಗು.

ಅದೇ ಹೊತ್ತಿಗೆ ನನ್ನ ಹಲ್ಲಿಗೆ ಒಂದು ಹಸಿ ಕಾಳು ಸಿಕ್ಕಿತು.

ನುಂಗಿಬಿಡೋಣವೆಂದುಕೊಂಡೆ. ಎಲ್ಲರ ಮುಂದೆ, ಈ ಗಳಿಗೆಯಲ್ಲಿ, ಅವನ ಕೈಯಲ್ಲಿ ಅದನ್ನು ಹೇಗಿಡಲಿ? ನನ್ನ ದವಡೆ ನಿಂತದ್ದನ್ನು ಅಪ್ಪ ಕಂಡ. ಅನ್ನದ ಸೌಟನ್ನು ಕೆಳಗಿಟ್ಟು, ನನ್ನ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈ ಚಾಚಿದ.

"ನುಂಗಬೇಡ" ಎಂದ. "ನಾನು ನುಂಗಿ ನುಂಗಿ ಕೆಟ್ಟಿದೀನಿ. ಕೊಡು ಇಲ್ಲಿ. ಕೇಳು."

ಲೋಟದ ನೀರಿನಲ್ಲಿ ಕಾಳನ್ನು ತೊಳೆದು ಅವನ ಅಂಗೈಯಲ್ಲಿಟ್ಟೆ. "ಎಲ್ಲಿಗೆ ಹೋಗಿದ್ದೆ ಅಪ್ಪಾ?"

ಅಪ್ಪ ಕಾಳನ್ನು ನೋಡುತ್ತಾ ಕೂತ. ಎಂದೂ ಮಾತಿಗೆ ತಡಕಾಡದವನು ತಡಕಾಡಿದ.

"ನಿಮ್ಮವ್ವನ ಅನ್ನದಲ್ಲಿ ಒಂದು ಕಾಳು ಹಸಿ ಇರ್ತಿತ್ತು. ದಿನಾ. ನಂಗೇ ಸಿಕ್ತಿತ್ತು. ಬೇಕಂತಲೇ ನನ್ನ ಎಲೆಗೆ ಬಡಿಸ್ತಿದ್ಲೋ ಏನೋ, ಗೊತ್ತಿಲ್ಲ. ಬಡಿಸಿ ನನ್ನ ಮುಖಾನೇ ನೋಡ್ತಿದ್ಲು. ನಾನು ನುಂಗ್ಬಿಡ್ತಿದ್ದೆ. ಒಂದು ದಿನಾನೂ ಕೇಳ್ಲಿಲ್ಲ."

ಬೀದಿಯವರ ಕೈಗಳು ಎಲೆಗಳ ಮೇಲೆ ನಿಂತವು. ಪಾಲಮ್ಮನ ಅನ್ನದ ಬಗ್ಗೆ ಊರಿಗೆ ಗೊತ್ತಿದ್ದದ್ದು ಬೇರೆ.

"ಯಾಕೆ ಕೇಳ್ಲಿಲ್ಲ?" ಎಂದೆ. ಅದು ಕೇಳಬೇಕಾದ ಪ್ರಶ್ನೆಯಾಗಿರಲಿಲ್ಲ. ಆದರೂ ಬಾಯಿಗೆ ಬಂತು.

"ಬುತ್ತಿ ತಗಂಡು ಹೊಂಗೆ ಮರದ ಹತ್ರ ಬಂದು ನಿಲ್ತಿದ್ಲಲ್ಲ, ಆಗ ಬಸ್ಸುಗಳನ್ನೇ ನೋಡೋಳು. ಹಿಂದಿನ ಗಾಜು ಮರೆಯಾಗೋವರೆಗೂ ನೋಡೋಳು. ಕೇಳಿದ್ರೆ ಯಾವುದೋ ಊರಿನ ಹೆಸರು ಹೇಳಿಬಿಟ್ರೆ? ಎಲ್ಲಾ ಊರಿನ ಹೆಸರನ್ನೂ ದಿನಾ ಕೂಗಿದೋನು ನಾನೇ. ಒಂದು ಸಲಾನೂ ಅವಳನ್ನ ಹತ್ತಿಸ್ಲಿಲ್ಲ." ಅವನು ಉಸಿರೆಳೆದುಕೊಂಡ. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಅವನು ನೋಡುತ್ತಿದ್ದನೆಂದು ನನಗೆ ಕಂಡಿತು. "ಅನ್ನ ಬಸಿಯುವಾಗ ಆ ಮರದ ಹತ್ರ ಹೋಗಿದ್ದೆ. ಕೇಳೋಣ ಅಂತ. ಎಲ್ಲಿಗೆ ಹೋಗಿದ್ಯೇ ಪಾಲಿ ಅಂತ. ಅವಳು ನನ್ನ ಕಡೆ ತಿರುಗೋದ್ರೊಳಗೆ ಗಂಜಿ ಕೈ ಮೇಲೆ ಚೆಲ್ತು, ವಾಪಸ್ ಬಂದೆ. ಅಷ್ಟೇ ಕಣವ್ವ. ಅಲ್ಲಿಗೇ ಹೋಗಿದ್ದೆ."

ಅವನ ಅಂಗೈಯ ಮೇಲೆ ಕಾಳು ಅಲುಗಿತು. ಮೊದಲು ಒಂದು ಸಣ್ಣ ತೇವ. ಆಮೇಲೆ ಹಾಲುಹಲ್ಲು ಮೂಡುವ ಹಾಗೆ ಬೆಳ್ಳಗೆ ಉಬ್ಬಿ, ಮೆತ್ತಗೆ ಅರಳಿತು. ಅದರಿಂದ ಎದ್ದ ಎಳೆ ಆವಿ ಅಪ್ಪನ ಗಡ್ಡಕ್ಕೆ ತಾಕಿ ಮಾಯವಾಯಿತು. ಹುಟ್ಟಿದಾಗಿನಿಂದ ಕೇಳಿದ್ದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಪಡುವಣದಲ್ಲಿ ಗುಡುಗಿತು, ಉದ್ದಕ್ಕೆ, ತುಂಬಿದ ಬಸ್ಸು ಘಟ್ಟ ಏರುವ ಹಾಗೆ. ಬೋರಕ್ಕ ಎದ್ದು ಕೈ ತೊಳೆದು, ಒಲೆಗುಂಡಿನ ಮೇಲಿನ ಬೆರಳ ಗುರುತುಗಳನ್ನು ಒಮ್ಮೆ ಸವರಿ, ಹಾರೆಯನ್ನು ಊರುಗೋಲು ಮಾಡಿಕೊಂಡು ಮಳೆಯಲ್ಲಿ ನಡೆದುಹೋದಳು.

ಮಾರನೆಯ ದಿನ ಅಪ್ಪ ಬಸ್ ಸ್ಟ್ಯಾಂಡಿಗೆ ಹೋದ. ಅವನ ಕೂಗು ನಮ್ಮ ಬೀದಿಯವರೆಗೂ ಕೇಳಿಸುತ್ತಿತ್ತು. ನಾನು ಬಟ್ಟೆ ಅದ್ದಿ ಚಿಲಕಕ್ಕೆ ಸಿಕ್ಕಿಸಿ ಎಸರಿಟ್ಟೆ. ಒಳಗಿನ ಸಂತೆ ಎಂದಿನಂತೆ ಶುರುವಾಯಿತು. ಅದರ ಬಾಯಿ ಮುಚ್ಚಿಸಲು ಹೋಗಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಮೆಲುದನಿಯಲ್ಲಿ ಕರೆದೆ. ನನ್ನದೇ ದನಿ ಆ ಅಡುಗೆಮನೆಯಲ್ಲಿ ನನಗೆ ಹೊಸದಾಗಿ ಕೇಳಿಸಿತು. ಬೂದಿಯ ಬಿಸಿ, ಸೊಂಟದ ನೋವು, ಮುಂದೇನು ಎಂಬ ದಿಗಿಲು, ಅವ್ವ. ಎಸರು ಬಂತು.

ಮಧ್ಯಾಹ್ನ ಅಪ್ಪ ಉಣ್ಣಲು ಕೂತ. ನಾನು ಬಡಿಸಿ ಎದುರಿಗೆ ಕೂತೆ. ನಾಲ್ಕು ತುತ್ತು ಉಂಡವನ ದವಡೆ ನಿಂತಿತು. ಗಂಟಲು ಒಂದು ಸಲ ಏರಿ ಇಳಿಯಲು ಹೊರಟದ್ದನ್ನು ಕಂಡೆ. ಅವನು ನುಂಗಲಿಲ್ಲ. ಬಾಯಿಂದ ಕಾಳು ತೆಗೆದು, ಲೋಟದಲ್ಲಿ ಅದ್ದಿ, ನನ್ನ ಕೈ ಹಿಡಿದು ಅಂಗೈ ಬಿಡಿಸಿ, ಅದರ ನಡುವೆ ಇಟ್ಟ.

"ಎಲ್ಲಿಗೆ ಹೋಗಿದ್ಯೇ ಮಗಳೇ?" ಎಂದ.

ಕೇಳಿ ಸುಮ್ಮನಾದ. ಅಂಥ ಬಾಯಿಯವನು, ಎಷ್ಟು ಹೊತ್ತಾದರೂ ಆಗಲಿ ಎಂಬಂತೆ, ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟವನ ಹಾಗೆ ಕಾದು ಕೂತ. ನಾನು ಹೇಳತೊಡಗಿದೆ.